ಸೀಮೆ ಹುಂಜ, ನಾಟಿ ಹೇಂಟೆ: ಮಿಶ್ರತಳಿ ಮರಿಯ ಚರಿತ್ರೆ

ರಾಜಮಹಾರಾಜರ ಏಳುಬೀಳುಗಳನ್ನೇ ಚರಿತ್ರೆಯೆಂದು ಓದಿ ಪರೀಕ್ಷೆ ಪಾಸು ಮಾಡಿದ ನಮ್ಮಂಥವರಿಗೆ ಹಿತ್ತಲಿನ ಕೋಳಿಗೂ ಒಂದು ಚರಿತ್ರೆ ಇದೆಯೆಂದರೆ ನಗು ಬರುವುದು ಸಹಜ. ಆದರೆ ಕಾವಿಗೆ ಕೂತ ನಾಟಿ ಹೇಂಟೆಯ ಕೆಳಗೆ ನಾಲ್ಕು ಸೀಮೆ ಮೊಟ್ಟೆಗಳನ್ನಿಟ್ಟು ಮರಿ ಮಾಡಿಸುವ ಆ ಸಣ್ಣ ಕೆಲಸದ ಹಿಂದೆ ಡಾರ್ವಿನ್ ಇದ್ದಾನೆ, ಮೆಂಡೆಲ್ ಇದ್ದಾನೆ, ನಮ್ಮ ಪಂಚವಾರ್ಷಿಕ ಯೋಜನೆಗಳಿವೆ, ಬೆಂಗಳೂರಿನ ಹೆಬ್ಬಾಳವೂ ಇದೆ. ಇದಕ್ಕಿಂತ ಹೆಚ್ಚಾಗಿ, ಮನೆಯ ಹೆಣ್ಣುಮಗಳು ಯಾರನ್ನೂ ಕೇಳದೆ ಖರ್ಚು ಮಾಡಬಹುದಾಗಿದ್ದ ನಾಲ್ಕು ಕಾಸಿನ ಪ್ರಶ್ನೆಯೂ ಇದೆ. ಆದ್ದರಿಂದ ಓದುಗ ಮಿತ್ರರು ಸ್ವಲ್ಪ ತಾಳ್ಮೆಯಿಂದ ನಮ್ಮೊಡನೆ ಹಿತ್ತಲಿಗೆ ಬರಬೇಕೆಂದು ಕೋರುತ್ತೇವೆ. ಕೋಳಿ ತಿನ್ನದ ಬಂಧುಗಳೂ ಬರಬಹುದು. ನಾವು ಹೇಳಹೊರಟಿರುವುದು ಮರಿ ಹುಟ್ಟುವ ಕಥೆಯನ್ನೇ ಹೊರತು ಮಸಾಲೆ ಅರೆಯುವ ಕಥೆಯನ್ನಲ್ಲ.

ಹಳೆಯ ಮೈಸೂರಿನ ಕಡೆ ನಾಟಿ ಕೋಳಿ, ಧಾರವಾಡ ಬೆಳಗಾವಿಯ ಕಡೆ ಜವಾರಿ ಕೋಳಿ, ಕರಾವಳಿಯಲ್ಲಿ ಊರ ಕೋಳಿ. ಹೆಸರು ಮೂರಾದರೂ ಹಕ್ಕಿ ಒಂದೇ. ವರ್ಷಕ್ಕೆ 40ರಿಂದ 60 ಮೊಟ್ಟೆ. ಅದೂ ಒಂದೇ ಸಮನೆ ಇಡುವುದಿಲ್ಲ. ಹನ್ನೆರಡೋ ಹದಿನೈದೋ ಇಟ್ಟು ನಿಲ್ಲಿಸಿ, ಮೈ ಬಿಸಿ ಮಾಡಿಕೊಂಡು, ಗರಿ ಉಬ್ಬಿಸಿಕೊಂಡು ಮೂಲೆ ಹಿಡಿದು ಕೂರುತ್ತದೆ. ಆಗ ಮನೆಯ ಹಿರಿಯಾಕೆ ಬುಟ್ಟಿಗೆ ಬೂದಿಯನ್ನೋ ಮರಳನ್ನೋ ಹರಡಿ, ಮೇಲೆ ಒಣಹುಲ್ಲು ಹಾಸಿ, ಹತ್ತು ಹನ್ನೆರಡು ಮೊಟ್ಟೆ ಜೋಡಿಸಿ ಹೇಂಟೆಯನ್ನು ಕಾವಿಗೆ ಕೂರಿಸುತ್ತಾಳೆ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಒಂದು ಇದ್ದಲು, ಒಂದು ಕಬ್ಬಿಣದ ಚೂರು ಇಡುವುದೂ ಉಂಟು. 21 ದಿನಕ್ಕೆ ಚಿಪ್ಪು ಬಿರಿದು ಮರಿ ಹೊರಬರುತ್ತದೆ. ಈ ವ್ಯವಹಾರದಲ್ಲಿ ಬಂಡವಾಳವಿಲ್ಲ, ಸಾಲವಿಲ್ಲ, ಗಂಡಸರ ಸಹಿಯೂ ಬೇಕಿಲ್ಲ. ಮಗುವಿನ ಪಾಟಿ ಬಳಪಕ್ಕೆ, ಜಾತ್ರೆಯ ಬಳೆಗೆ, ತವರಿಗೆ ಹೋಗುವ ಬಸ್ ಚಾರ್ಜಿಗೆ ಆಗುತ್ತಿದ್ದುದು ಈ ಕೋಳಿಯ ದುಡ್ಡೇ.

ಮೂಲದಲ್ಲೇ ಮಿಶ್ರಣ

‘ಮಿಶ್ರತಳಿ’ ಎಂಬ ಮಾತು ಕಿವಿಗೆ ಬಿದ್ದೊಡನೆ ಅದು ಏನೋ ಇತ್ತೀಚಿನ ಕಲಬೆರಕೆಯೆಂದು ಭಾವಿಸುವವರಿದ್ದಾರೆ. ವಾಸ್ತವ ಸಂಗತಿ ಬೇರೆ. ಸಾಕುಕೋಳಿಯ ಪೂರ್ವಜ ಯಾರೆಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಚಾರ್ಲ್ಸ್ ಡಾರ್ವಿನ್, ಕಲಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದಲ್ಲಿದ್ದ ಎಡ್ವರ್ಡ್ ಬ್ಲಿತ್ ಮುಂತಾದವರೊಡನೆ ಪತ್ರವ್ಯವಹಾರ ನಡೆಸಿ, ಎಲ್ಲ ಸಾಕುಕೋಳಿಗಳಿಗೂ ಮೂಲ ಕೆಂಪು ಕಾಡುಕೋಳಿಯೇ ಎಂಬ ತೀರ್ಮಾನಕ್ಕೆ ಬಂದ. ಸಾಕುಪ್ರಾಣಿ ಮತ್ತು ಸಸ್ಯಗಳ ಮಾರ್ಪಾಡುಗಳನ್ನು ಕುರಿತ ಅವನ ದೊಡ್ಡ ಗ್ರಂಥ ಪ್ರಕಟವಾದದ್ದು 1868ರಲ್ಲಿ. ಕೋಳಿ ಮೊದಲು ಪಳಗಿದ್ದು ಸಿಂಧೂ ಕಣಿವೆಯಲ್ಲೆಂಬ ಅಭಿಪ್ರಾಯ ಬಹುಕಾಲ ಪ್ರಚಲಿತವಾಗಿತ್ತು. ಆದರೆ 2020ರಲ್ಲಿ ಪ್ರಕಟವಾದ ವಂಶವಾಹಿಗಳ ಅಧ್ಯಯನ ಮತ್ತು 2022ರಲ್ಲಿ ಪ್ರಕಟವಾದ ಮೂಳೆಗಳ ಅಧ್ಯಯನ ಎರಡೂ ಆಗ್ನೇಯ ಏಷ್ಯಾದ ಕಡೆಗೆ ಬೆರಳು ತೋರಿಸಿವೆ.

ಕನ್ನಡಿಗರಿಗೆ ವಿಶೇಷವಾಗಿ ರುಚಿಸಬಹುದಾದ ಸಂಗತಿ 2008ರಲ್ಲಿ ಹೊರಬಿತ್ತು. ಅನೇಕ ಸಾಕುಕೋಳಿಗಳ ಕಾಲು ಹಳದಿಯಾಗಿರುವುದನ್ನು ಎಲ್ಲರೂ ಕಂಡಿದ್ದೇವೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಪರೀಕ್ಷಿಸಿ ನೋಡಿದಾಗ ಆ ಹಳದಿಗೆ ಕಾರಣವಾದ ವಂಶವಾಹಿ ಕೆಂಪು ಕಾಡುಕೋಳಿಯದಲ್ಲ, ಬೂದು ಕಾಡುಕೋಳಿಯದು ಎಂದು ತಿಳಿದುಬಂತು. ಈ ಬೂದು ಕಾಡುಕೋಳಿ ನಮ್ಮ ಪಶ್ಚಿಮಘಟ್ಟವೂ ಸೇರಿದಂತೆ ದಕ್ಷಿಣ ಭಾರತದ ಕಾಡುಗಳ ಹಕ್ಕಿ. ಎಂದರೆ ಬಹಳ ಹಿಂದೆ ಎಂದೋ ಒಮ್ಮೆ ಎರಡು ಜಾತಿಯ ಹಕ್ಕಿಗಳು ಕೂಡಿದವು. ಲೋಕದಾದ್ಯಂತ ಹರಡಿರುವ ಹಳದಿ ಕಾಲಿನ ಕೋಳಿಯೇ ಒಂದು ಮಿಶ್ರಣದ ಸಂತಾನ.

ಸೀಮೆ ಕೋಳಿಗಳ ಜಾತಕವೂ ಇಂಥದೇ. ನಮ್ಮ ಹಳ್ಳಿಗಳಿಗೆ ಮುಂದೆ ಬಂದ ರೋಡ್ ಐಲೆಂಡ್ ರೆಡ್ ತಳಿಯನ್ನು ಅಮೆರಿಕದ ರೈತರು 19ನೆಯ ಶತಮಾನದಲ್ಲಿ ರೂಪಿಸಿದ್ದು ಹಡಗುಗಳಲ್ಲಿ ಬಂದ ಕೆಂಪು ಮಲಯ ಹುಂಜ ಮತ್ತು ಚೀನಾದ ಕೋಳಿಗಳನ್ನು ಸ್ಥಳೀಯ ಕೋಳಿಗಳೊಡನೆ ಕೂಡಿಸಿ. ಇಂಗ್ಲೆಂಡಿನ ಕಾರ್ನ್‌ವಾಲಿನಲ್ಲಿ ನಮ್ಮ ಅಸೀಲ್ ಎಂಬ ಕಾಳಗದ ಕೋಳಿಯ ರಕ್ತ ಬೆರೆಸಿ ಮಾಡಿದ ತಳಿಗೆ ಇಂಡಿಯನ್ ಗೇಮ್ ಎಂದೇ ಹೆಸರು. ಅದರಿಂದ ಬಂದ ಕಾರ್ನಿಶ್ ಕೋಳಿ ಇಂದಿನ ಬ್ರಾಯ್ಲರಿನ ತಂದೆಯ ಕಡೆಯ ವಂಶ. ಅಸೀಲಿನ ಪಾಲಿಲ್ಲದ ಬ್ರಾಯ್ಲರ್ ಅಂಗಡಿ ಮುಂಬಯಿಯಲ್ಲೂ ಇಲ್ಲ, ದೆಹಲಿಯಲ್ಲೂ ಇಲ್ಲವೆನ್ನಬಹುದು.

ಕಾವು ಮತ್ತು ಯಂತ್ರ

ಮೊಟ್ಟೆಯೊಳಗೆ ಏನಾಗುತ್ತದೆಂಬ ಕುತೂಹಲ ಬಹಳ ಹಳೆಯದು. ಗ್ರೀಸಿನ ಅರಿಸ್ಟಾಟಲ್ ಕಾವಿನ ಮೊಟ್ಟೆಗಳ ಬೆಳವಣಿಗೆಯನ್ನು ದಿನಗಳ ಲೆಕ್ಕದಲ್ಲಿ ಗಮನಿಸಿ, ಮೂರು ದಿನ ಮೂರು ರಾತ್ರಿ ಕಳೆದ ಮೇಲೆ ಹೃದಯವು ರಕ್ತದ ಚುಕ್ಕೆಯಂತೆ ಮಿಡಿಯುವುದನ್ನು ಬರೆದಿಟ್ಟಿದ್ದಾನೆ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದಿದ ನಮ್ಮಂಥವರಿಗೆ 24 ಗಂಟೆಯ ಭ್ರೂಣ, 48 ಗಂಟೆಯ ಭ್ರೂಣ, 72 ಗಂಟೆಯ ಭ್ರೂಣ ಎಂದು ಗಾಜಿನ ಪಟ್ಟಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ಚಿತ್ರ ಬರೆದದ್ದು ನೆನಪಿರಬಹುದು. ಅರಿಸ್ಟಾಟಲ್ ಬರಿಗಣ್ಣಿನಿಂದ ಆರಂಭಿಸಿದ ಪಾಠವೇ ಅದು.

ತಾಯಿಯಿಲ್ಲದೆ ಮರಿ ಮಾಡಿಸುವ ವಿದ್ಯೆಯಲ್ಲಿ ಈಜಿಪ್ಟಿನವರು ಮೊದಲಿಗರ ಸಾಲಿನವರು. ಸಾವಿರಾರು ಮೊಟ್ಟೆ ಹಿಡಿಯುವ ಮಣ್ಣಿನ ಗೂಡುಗಳಲ್ಲಿ ಸಗಣಿ ಮತ್ತು ಹುಲ್ಲಿನ ಬೆಂಕಿಯ ಬಿಸಿ ಕೊಡುತ್ತಿದ್ದರು. ಥರ್ಮಾಮೀಟರಿನ ಬದಲು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಬಿಸಿ ಅಳೆಯುತ್ತಿದ್ದರು. ಫ್ರಾನ್ಸಿನ ರೆಯೊಮ್ಯೂರ್ ಇದನ್ನು ಯೂರೋಪಿನಲ್ಲೂ ಮಾಡಿ ತೋರಿಸಲು ಹೊರಟು 1749ರಲ್ಲಿ ಒಂದು ಗ್ರಂಥವನ್ನೇ ಬರೆದ. 1879ರ ಹೊತ್ತಿಗೆ ಕ್ಯಾಲಿಫೋರ್ನಿಯಾದ ಪೆಟಲೂಮಾ ಊರಿನಲ್ಲಿ ಲೈಮನ್ ಬೈಸ್ ವ್ಯಾಪಾರಕ್ಕೆ ಒದಗುವ ಕಾವುಪೆಟ್ಟಿಗೆ ತಯಾರಿಸಿದ. ಸುಮಾರು 100 ಡಿಗ್ರಿ ಫ್ಯಾರನ್‌ಹೀಟ್ ಬಿಸಿ, ತಕ್ಕಷ್ಟು ತೇವ, ದಿನಕ್ಕೆ ಹಲವು ಸಲ ಮೊಟ್ಟೆ ಹೊರಳಿಸುವುದು. ಹೇಂಟೆ ತನ್ನ ಕೊಕ್ಕಿನಿಂದಲೂ ಹೊಟ್ಟೆಯ ಬರಿಮೈಯಿಂದಲೂ ಮಾಡುತ್ತಿದ್ದುದನ್ನೆಲ್ಲ ಪೆಟ್ಟಿಗೆ ಮಾಡಲಾರಂಭಿಸಿತು.

ಪೆಟ್ಟಿಗೆ ಬಂದ ಮೇಲೆ ಹೇಂಟೆಯ ಕಾವು ಯಾರಿಗೆ ಬೇಕು? ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಮೆದುಳಿನ ಬುಡದ ಪಿಟ್ಯೂಟರಿ ಗ್ರಂಥಿಯಿಂದ ಪ್ರೊಲ್ಯಾಕ್ಟಿನ್ ಎಂಬ ರಸ ಸ್ರವಿಸಿದಾಗ ಕೋಳಿಗೆ ಕಾವು ಬರುತ್ತದೆಂದು 1935ರಲ್ಲಿ ಆಸ್ಕರ್ ರಿಡಲ್ ಮತ್ತು ಸಂಗಡಿಗರು ತೋರಿಸಿದರು. ಆದರೆ ಆ ಕಾರಣ ತಿಳಿಯುವ ಮೊದಲೇ ತಳಿಗಾರರು ಕಾವಿಗೆ ಕೂರುವ ಹೇಂಟೆಗಳನ್ನು ತಲೆಮಾರು ತಲೆಮಾರಾಗಿ ಬೇರ್ಪಡಿಸುತ್ತ ಬಂದಿದ್ದರು. ಇಟಲಿಯ ಲಿವೋರ್ನೋ ಬಂದರಿನ ಹೆಸರು ಹೊತ್ತ ಬಿಳಿ ಲೆಗ್ ಹಾರ್ನ್ ವರ್ಷಕ್ಕೆ 200ಕ್ಕೂ ಮಿಕ್ಕಿ ಮೊಟ್ಟೆ ಇಡುತ್ತದೆ. ಅದಕ್ಕೆ ಮೊಟ್ಟೆ ಇಡುವುದು ಗೊತ್ತೇ ಹೊರತು ಕೂರುವುದು ಗೊತ್ತಿಲ್ಲ.

ಇಲ್ಲಿ ಡಾರ್ವಿನ್ ಗಮನಿಸಿದ ಒಂದು ವಿಚಿತ್ರವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕಾವಿನ ಬುದ್ಧಿ ಕಳೆದುಕೊಂಡ ಎರಡು ಬೇರೆ ಬೇರೆ ತಳಿಗಳನ್ನು ಕೂಡಿಸಿದರೆ ಹುಟ್ಟಿದ ಹೇಂಟೆಗಳು ಅನೇಕ ವೇಳೆ ಚೆನ್ನಾಗಿ ಕಾವಿಗೆ ಕೂರುತ್ತವೆ ಎಂಬುದನ್ನು ಅವನು ಟೆಗೆಟ್‌ಮಯರ್ ಮೊದಲಾದ ಕೋಳಿ ಸಾಕಣೆಗಾರರ ಅನುಭವದಿಂದ ಸಂಗ್ರಹಿಸಿದ್ದಾನೆ. ತಂದೆಯಲ್ಲೂ ಕಾಣದ, ತಾಯಿಯಲ್ಲೂ ಕಾಣದ ಹಳೆಯ ಗುಣ ಮಿಶ್ರಣದ ಮಗಳಲ್ಲಿ ಮರಳಿ ಬರುತ್ತದೆ.

ಒಂದು ಮನೆಯ ಹಿತ್ತಲಿನಲ್ಲಿ

ಮೆಂಡೆಲನ ಬಟಾಣಿಯ ನಿಯಮಗಳು ಮೂವತ್ತೈದು ವರ್ಷ ಮೂಲೆಯಲ್ಲಿದ್ದು 1900ರಲ್ಲಿ ಮತ್ತೆ ಬೆಳಕಿಗೆ ಬಂದವು. ಪ್ರಾಣಿಗಳಿಗೂ ಅವು ಅನ್ವಯಿಸುತ್ತವೆಯೇ? ಇದನ್ನು ಮೊದಲು ತೋರಿಸಿದವರಲ್ಲಿ ವಿಲಿಯಂ ಬೇಟ್ಸನ್ ಒಬ್ಬ. ಕೇಂಬ್ರಿಜ್ ಬಳಿಯ ಗ್ರಾಂಟ್‌ಚೆಸ್ಟರಿನ ಮನೆಯಲ್ಲಿ ಅವನು ಕೋಳಿ ಸಾಕಿದ್ದ. ಅವನ ಹೆಂಡತಿ ಬಿಯಾಟ್ರಿಸ್ ಆ ಕೆಲಸದಲ್ಲಿ ಕೈಜೋಡಿಸಿದ್ದಳು. ಇಂಡಿಯನ್ ಗೇಮ್ ಕೋಳಿಯನ್ನು ಲೆಗ್ ಹಾರ್ನಿನೊಡನೆ ಕೂಡಿಸಿ, ಜುಟ್ಟಿನ ಆಕಾರ ತಲೆಮಾರಿನಿಂದ ತಲೆಮಾರಿಗೆ ಹೇಗೆ ಇಳಿಯುತ್ತದೆಂದು ಎಣಿಸಿ 1902ರಲ್ಲಿ ವರದಿ ಮಾಡಿದ. ಮೊದಲ ತಲೆಮಾರಿನಲ್ಲಿ ಎಲ್ಲಕ್ಕೂ ಒಂದೇ ಬಗೆಯ ಜುಟ್ಟು. ಅವುಗಳನ್ನೇ ತಮ್ಮತಮ್ಮಲ್ಲಿ ಕೂಡಿಸಿದರೆ ಎರಡನೆಯ ತಲೆಮಾರಿನಲ್ಲಿ ಮೂರಕ್ಕೆ ಒಂದರಂತೆ ಹಳೆಯ ಜುಟ್ಟು ಮತ್ತೆ ತಲೆಯೆತ್ತುತ್ತದೆ. ಹೀಗೆ ವಂಶವಾಹಿ ವಿಜ್ಞಾನದ ಮೊದಲ ಪುಟಗಳಲ್ಲಿ ನಮ್ಮ ಅಸೀಲಿನ ಮೊಮ್ಮಕ್ಕಳು ಸೇರಿಕೊಂಡವು.

ಇದರ ಉಪಯೋಗ ಮುಂದೆ ಮೊಟ್ಟೆಯ ವ್ಯಾಪಾರಕ್ಕಾಯಿತು. 1936ರಲ್ಲಿ ಅಮೆರಿಕದ ವಾಲೇಸ್ ಕುಟುಂಬದವರು ಹೈ-ಲೈನ್ ಸಂಸ್ಥೆಯನ್ನು ಸ್ಥಾಪಿಸಿ, ಹೈಬ್ರಿಡ್ ಜೋಳದ ವಿಧಾನವನ್ನು ಕೋಳಿಗೆ ಅನ್ವಯಿಸಿದರು. ಬೇರೆ ಬೇರೆ ವಂಶಗಳನ್ನು ಕೂಡಿಸಿದರೆ ಮೊದಲ ತಲೆಮಾರಿಗೆ ವಿಶೇಷ ಹುರುಪು ಬರುತ್ತದೆ. ಆದರೆ ಆ ತಲೆಮಾರಿನ ಮೊಟ್ಟೆಯಿಂದಲೇ ಮರಿ ಮಾಡಿಸುತ್ತ ಹೋದರೆ ಹುರುಪು ಉಳಿಯುವುದಿಲ್ಲ. ಜೋಳದ ಬಿತ್ತನೆ ಬೀಜದಂತೆ ಮರಿಯನ್ನೂ ಪ್ರತಿಸಲ ಕೊಂಡು ತರಬೇಕು. ವ್ಯಾಪಾರಿಗೆ ಇದು ವರವಾಯಿತು. ಹಿತ್ತಲಿನ ಹೆಣ್ಣುಮಗಳಿಗೆ ಏನಾಯಿತೆಂಬುದನ್ನು ಮುಂದೆ ನೋಡೋಣ.

ಹುಂಜ ಹಂಚಿದ ಕಾಲ

ನಮ್ಮ ದೇಶದಲ್ಲಿ ನಾಟಿ ಕೋಳಿಯನ್ನು ‘ಸುಧಾರಿಸುವ’ ಪ್ರಯತ್ನ 20ನೆಯ ಶತಮಾನದ ಆರಂಭದ ದಶಕಗಳಷ್ಟು ಹಳೆಯದು. ಈಗಿನ ಉತ್ತರ ಪ್ರದೇಶದ ಏಟಾದಲ್ಲಿ ಸ್ಲೇಟರ್ ಎಂಬ ಪಾದ್ರಿ ಬಡವರಿಗೆ ಒಳ್ಳೆಯ ತಳಿಯ ಕೋಳಿ ಕೊಡುವ ಕೆಲಸ ನಡೆಸಿದ. ಬರೇಲಿ ಬಳಿಯ ಇಜ್ಜತ್‌ನಗರದ ಪಶುವೈದ್ಯ ಸಂಶೋಧನಾ ಕೇಂದ್ರದಲ್ಲಿ 1939ರಲ್ಲಿ ಕೋಳಿ ಸಂಶೋಧನೆಗೆ ಪ್ರತ್ಯೇಕ ವಿಭಾಗ ಆರಂಭವಾಯಿತು. ಅಷ್ಟರಲ್ಲಿ ಹಳ್ಳಿಗಳಲ್ಲಿ ಕೋಳಿಗಳನ್ನು ಗುಡಿಸಿ ಹಾಕುವ ರೋಗಕ್ಕೆ ಕುಮಾವೂಂ ಬೆಟ್ಟದ ರಾಣಿಖೇತ್ ಊರಿನ ಹೆಸರೇ ನಿಂತುಹೋಗಿತ್ತು. 1940ರ ದಶಕದಲ್ಲಿ ಮುಕ್ತೇಶ್ವರದಲ್ಲಿ ಅದಕ್ಕೆ ಲಸಿಕೆ ಸಿದ್ಧವಾಯಿತು. ಆ ಲಸಿಕೆ ಇಲ್ಲದಿದ್ದರೆ ಮುಂದಿನ ಯೋಜನೆಗಳೆಲ್ಲ ಕಡತದಲ್ಲೇ ಉಳಿಯುತ್ತಿದ್ದವು. ಕಡತದಲ್ಲಿ ಉಳಿಯುವುದೆಂದರೇನೆಂದು ಕೇಂದ್ರ ಸರ್ಕಾರದ ಗುಮಾಸ್ತರಾದ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಗಾಂಧೀಜಿಯವರು 1942ರಲ್ಲಿ ಆರೋಗ್ಯವನ್ನು ಕುರಿತು ಬರೆದಾಗ, ಹುಂಜದ ಸಂಗವಿಲ್ಲದೆ ಇಟ್ಟ ಮೊಟ್ಟೆಯಲ್ಲಿ ಮರಿಯಾಗುವ ಜೀವವಿಲ್ಲವಾದ್ದರಿಂದ ಹಾಲು ಕುಡಿಯುವವರು ಅದನ್ನು ತೆಗೆದುಕೊಳ್ಳಲು ಅಡ್ಡಿಯಿಲ್ಲವೆಂಬ ಅರ್ಥದ ಮಾತು ಹೇಳಿದ್ದರು. ತಿನ್ನುವ ಮೊಟ್ಟೆ ಬೇರೆ, ಮರಿಯಾಗುವ ಮೊಟ್ಟೆ ಬೇರೆ ಎಂಬ ಭೇದ ಅಲ್ಲಿ ಸ್ಪಷ್ಟವಾಗಿದೆ.

ಎರಡನೆಯ ಪಂಚವಾರ್ಷಿಕ ಯೋಜನೆಯ (1956–61) ಕಾಲದಲ್ಲಿ ಕೋಳಿ ಅಭಿವೃದ್ಧಿ ಕಾರ್ಯ ಹಳ್ಳಿಗಳಿಗೆ ಹರಡಿತು. ಸರ್ಕಾರಿ ಕ್ಷೇತ್ರಗಳಲ್ಲಿ ಬೆಳೆಸಿದ ಬಿಳಿ ಲೆಗ್ ಹಾರ್ನ್ ಮತ್ತು ರೋಡ್ ಐಲೆಂಡ್ ರೆಡ್ ಹುಂಜಗಳನ್ನು ಹಳ್ಳಿಯವರಿಗೆ ಕೊಟ್ಟು, ಬದಲಿಗೆ ನಾಟಿ ಹುಂಜವನ್ನು ತೆಗೆದುಕೊಳ್ಳುವ ಪದ್ಧತಿ ಬಂತು. 1960ರ ದಶಕದಲ್ಲಿ ಯುನಿಸೆಫ್ ನೆರವಿನ ಪೋಷಣಾ ಕಾರ್ಯಕ್ರಮವೂ ಇದಕ್ಕೆ ಜೊತೆಗೂಡಿತು. ಬೆಂಗಳೂರಿನ ಹತ್ತಿರದ ಹೆಸರಘಟ್ಟದಲ್ಲಿ, ಹಾಗೆಯೇ ಮುಂಬಯಿ, ಭುವನೇಶ್ವರ, ಚಂಡೀಗಢಗಳಲ್ಲಿ ಕೇಂದ್ರದ ಕೋಳಿ ತಳಿ ಕ್ಷೇತ್ರಗಳು ತಲೆಯೆತ್ತಿದವು.

ಲೆಕ್ಕ ಸರಳವಾಗಿತ್ತು. ಸೀಮೆ ಹುಂಜ, ನಾಟಿ ಹೇಂಟೆ ಕೂಡಿದರೆ ಮಗಳಲ್ಲಿ ಅರ್ಧ ಸೀಮೆ. ಅವಳಿಗೆ ಮತ್ತೆ ಸೀಮೆ ಹುಂಜ ತಂದರೆ ಮುಕ್ಕಾಲು. ಇನ್ನೊಂದು ಸಲ ತಂದರೆ ಎಂಟರಲ್ಲಿ ಏಳು ಪಾಲು. ಮೊಟ್ಟೆಯ ಸಂಖ್ಯೆಯೂ ಅದರಂತೆ ಏರಬೇಕು. ಮೊದಲ ತಲೆಮಾರಿನ ಮರಿಗಳು ನಿಜಕ್ಕೂ ಚೆನ್ನಾಗಿಯೇ ಬಂದವು. ತಾಯಿಯ ಗಟ್ಟಿತನ, ತಂದೆಯ ಗಾತ್ರ ಎರಡೂ ಇದ್ದವು. ನಾಟಿ ತಾಯಿಯೇ ಕಾವು ಕೊಟ್ಟು, ಕೆದಕುವುದನ್ನು ಕಲಿಸಿ, ಹದ್ದು ಬಂದಾಗ ರೆಕ್ಕೆಯಡಿ ಸೇರಿಸಿಕೊಂಡು ಬೆಳೆಸಿದಳು. ತೊಂದರೆ ಕಂಡದ್ದು ಆಮೇಲೆ. ಸೀಮೆಯ ಪಾಲು ಏರಿದ ಹಾಗೆ ಕಾವಿನ ಬುದ್ಧಿ ಇಳಿಯಿತು. ಬಿಳಿ ಗರಿಯ ಕೋಳಿ ಬೇಲಿಯ ಬದಿಯಲ್ಲಿ ಹದ್ದಿಗೆ ದೂರದಿಂದಲೇ ಕಾಣುತ್ತಿತ್ತು. ತಿಪ್ಪೆ ಕೆದಕಿ ಹೊಟ್ಟೆ ತುಂಬಿಸಿಕೊಳ್ಳುವ ಬದಲು ಕೈತೀನಿಗೆ ಕಾಯುತ್ತಿತ್ತು. ಮೊಟ್ಟೆ ಹೆಚ್ಚಾಯಿತು, ಆದರೆ ಮೊಟ್ಟೆಯನ್ನು ಮರಿ ಮಾಡುವವರಿಲ್ಲ.

1960ರ ದಶಕದಿಂದ ಮುಂದೆ ಕಂಪನಿಯ ಹೈಬ್ರಿಡ್ ಕೋಳಿಗಳು ಬಂದು, ಪಂಜರದ ಸಾಕಣೆ ಒಂದು ಉದ್ಯಮವೇ ಆಯಿತು. ಪಟ್ಟಣಗಳಿಗೆ ಮೊಟ್ಟೆ ಅಗ್ಗವಾಯಿತು. ಇದರ ಫಲವನ್ನು ನಾವು ನಗರವಾಸಿಗಳೆಲ್ಲ ಉಂಡಿದ್ದೇವೆ. ಆದ್ದರಿಂದ ದೂರಲಾರೆವು. ಆದರೆ ಅದು ಶೆಡ್ಡು, ಸಾಲ, ವಿದ್ಯುತ್ತು, ಲಾರಿಗಳ ವ್ಯವಹಾರ. ಬುಟ್ಟಿ ಮತ್ತು ಬೂದಿಯ ವ್ಯವಹಾರವಲ್ಲ.

ಗಿರಿರಾಜನ ಆಗಮನ

ಹಿತ್ತಲಿಗಾಗಿಯೇ ಒಂದು ಕೋಳಿ ಬೇಕೆಂಬ ಯೋಚನೆ ಕಾರ್ಯರೂಪಕ್ಕೆ ಬಂದದ್ದು ನಮ್ಮ ನಾಡಿನಲ್ಲೇ ಎಂಬುದು ಹೆಮ್ಮೆಯ ವಿಷಯ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳದಲ್ಲಿ ಬಣ್ಣದ ಗರಿಯ, ಮೊಟ್ಟೆಗೂ ಮಾಂಸಕ್ಕೂ ಒದಗುವ ‘ಗಿರಿರಾಜ’ ತಳಿಯನ್ನು ರೂಪಿಸಿ 1989ರಲ್ಲಿ ಬಿಡುಗಡೆ ಮಾಡಿದರು. ವರ್ಷಕ್ಕೆ 130ರಿಂದ 150 ಮೊಟ್ಟೆ, ನಾಟಿಗಿಂತ ಎರಡು ಮೂರು ಪಟ್ಟು. 2005ರಲ್ಲಿ ‘ಸ್ವರ್ಣಧಾರ’ ಬಂತು. ಹೈದರಾಬಾದಿನ ರಾಜೇಂದ್ರನಗರದಲ್ಲಿ 1988ರಲ್ಲಿ ಸ್ಥಾಪಿತವಾದ ಕೋಳಿ ಯೋಜನಾ ನಿರ್ದೇಶನಾಲಯ (2013ರಿಂದ ಕೋಳಿ ಸಂಶೋಧನಾ ನಿರ್ದೇಶನಾಲಯ) ‘ವನರಾಜ’, ‘ಗ್ರಾಮಪ್ರಿಯ’ಗಳನ್ನು ಕೊಟ್ಟಿತು. ಕೇರಳದಲ್ಲಿ ‘ಗ್ರಾಮಲಕ್ಷ್ಮಿ’, ತಮಿಳುನಾಡಿನಲ್ಲಿ ‘ನಂದನಂ’ ಕೋಳಿ. ಇಜ್ಜತ್‌ನಗರದಲ್ಲಿ 1979ರಲ್ಲಿ ಆರಂಭವಾದ ಕೇಂದ್ರೀಯ ಪಕ್ಷಿ ಸಂಶೋಧನಾ ಸಂಸ್ಥೆ ಅಸೀಲಿನ ರಕ್ತವಿರುವ ‘ನಿರ್ಭೀಕ್’, ಕಡಕನಾಥದ ರಕ್ತವಿರುವ ‘ಶ್ಯಾಮಾ’ಗಳನ್ನು ಸಿದ್ಧಪಡಿಸಿತು. ಹುಂಜ ಹಂಚಿದ ಕಾಲದಲ್ಲಿ ಅಳಿಸಿಹಾಕಬೇಕೆಂದಿದ್ದ ದೇಶೀ ರಕ್ತವನ್ನು ಈಗ ಬೇಕೆಂದೇ ಉಳಿಸಿಕೊಂಡರು ಎಂಬುದನ್ನು ಓದುಗರು ಗಮನಿಸಬೇಕು.

ಆದರೂ ಕಾವಿನ ಪ್ರಶ್ನೆ ಹಾಗೆಯೇ ಉಳಿಯಿತು. ಗಿರಿರಾಜ, ವನರಾಜ ಹೇಂಟೆಗಳಿಗೆ ಕೂರುವ ಬುದ್ಧಿ ಕಡಿಮೆ. ಅದಕ್ಕೆ ಹಳ್ಳಿಯ ಹೆಂಗಸರು ಕಂಡುಕೊಂಡ ಉಪಾಯ ಬಹಳ ಹಳೆಯದು: ಗಿರಿರಾಜನ ಮೊಟ್ಟೆಯನ್ನು ನಾಟಿ ಹೇಂಟೆಯ ಕೆಳಗೆ ಇಡುವುದು. ಮೊಟ್ಟೆ ದೊಡ್ಡದಾದ್ದರಿಂದ ಹನ್ನೆರಡರ ಬದಲು ಎಂಟೋ ಹತ್ತೋ ಇಡಬೇಕು. ಒಂದು ವಾರಕ್ಕಿಂತ ಹಳೆಯದಾಗಿರಬಾರದು. ಏಳನೆಯ ದಿನ ಕತ್ತಲಲ್ಲಿ ದೀಪಕ್ಕೆ ಹಿಡಿದು ನೋಡಿದರೆ ಒಳಗೆ ಜೇಡರ ಬಲೆಯಂತೆ ಕೆಂಪು ನರಗಳು ಕಾಣಬೇಕು. ಕಾಣದಿದ್ದರೆ ಅದು ಗೊಡ್ಡು ಮೊಟ್ಟೆ, ತೆಗೆದುಬಿಡಬೇಕು. ಹೇಂಟೆಗೆ ತನ್ನದು ಪರರದು ಎಂಬ ಭೇದವಿಲ್ಲ. ಬಾತಿನ ಮೊಟ್ಟೆಗೂ ಕಾವು ಕೊಡುವ ತಾಯಿಗೆ ಗಿರಿರಾಜ ದೂರದವನೇ?

2009–10ರಲ್ಲಿ ಆರಂಭವಾದ ಕೇಂದ್ರದ ಹಿತ್ತಲ ಕೋಳಿ ಯೋಜನೆಯಲ್ಲಿ ಬಡ ಕುಟುಂಬವೊಂದಕ್ಕೆ 45 ಮರಿಗಳಂತೆ ಕೊಡಲು ನಿಶ್ಚಯಿಸಿದರು. ನಾಲ್ಕು ವಾರ ಬೆಳೆಸಿದ ಮರಿಗಳನ್ನೇ ಕೊಡಬೇಕು. ಏಕೆಂದರೆ ಯಂತ್ರದ ಮರಿಗೆ ತಾಯಿಯ ರೆಕ್ಕೆ ಇಲ್ಲ. ಆ ನಾಲ್ಕು ವಾರ ಬಲ್ಬಿನ ಬಿಸಿಯಲ್ಲಿ ಸಾಕುವ ಶೆಡ್ಡಿಗೆ ‘ಮಾತೃ ಘಟಕ’ ಎಂದು ಹೆಸರು. ಒಂದು ಹೇಂಟೆ ಪುಕ್ಕಟೆಯಾಗಿ ಮಾಡುತ್ತಿದ್ದ ಕೆಲಸಕ್ಕೆ ಒಂದು ಘಟಕ, ಒಂದು ಅಂದಾಜುಪಟ್ಟಿ, ಒಂದು ಬಟವಾಡೆ ರಿಜಿಸ್ಟರು ಬೇಕಾಯಿತು. ಯೋಜನೆಯಿಂದ ಸಾವಿರಾರು ಮನೆಗಳಿಗೆ ಉಪಕಾರವಾಗಿದೆ ಎಂಬುದನ್ನು ಅಲ್ಲಗಳೆಯುತ್ತಿಲ್ಲ. ತಾಯಿಯ ಬೆಲೆಯೆಷ್ಟೆಂದು ಲೆಕ್ಕ ಹಾಕಿ ತೋರಿಸಿಕೊಟ್ಟದ್ದೂ ಅದೇ ಯೋಜನೆ ಎನ್ನುತ್ತಿದ್ದೇವೆ, ಅಷ್ಟೆ.

ಎರಡನೆಯ ತಲೆಮಾರಿನ ಪ್ರಶ್ನೆ

ಈಗ ಮುಖ್ಯ ವಿಷಯಕ್ಕೆ ಬರೋಣ. ಮಿಶ್ರತಳಿಯ ಮರಿ ಬೆಳೆದು ಮೊಟ್ಟೆಯಿಟ್ಟಾಗ, ಆ ಮೊಟ್ಟೆಯಿಂದಲೇ ಮುಂದಿನ ಮರಿ ಮಾಡಿಸಬಹುದೇ? ಮಾಡಿಸಬಹುದು. ಮರಿ ಬರುತ್ತದೆ. ಆದರೆ ಬೇಟ್ಸನ್ ಎಣಿಸಿದ ಜುಟ್ಟುಗಳಂತೆ ಗುಣಗಳೆಲ್ಲ ಚೆದುರುತ್ತವೆ. ಒಂದು ದೊಡ್ಡದು, ಒಂದು ಕುಳ್ಳು. ಒಂದು ದಿನಬಿಟ್ಟು ದಿನ ಇಡುತ್ತದೆ, ಇನ್ನೊಂದು ತಿಂಗಳಿಗೆ ನಾಲ್ಕು. ಮಿಶ್ರಣದಿಂದ ಬಂದ ಹುರುಪಿನಲ್ಲಿ ಸುಮಾರು ಅರ್ಧ ಎರಡನೆಯ ತಲೆಮಾರಿನಲ್ಲೇ ಕರಗುತ್ತದೆಂಬುದು ತಳಿಶಾಸ್ತ್ರದ ಲೆಕ್ಕ. ಹುರುಪು ಬೇಕಾದರೆ ಮತ್ತೆ ಸರ್ಕಾರದ ಬಾಗಿಲಿಗೋ ಹ್ಯಾಚರಿಯ ಬಾಗಿಲಿಗೋ ಹೋಗಬೇಕು.

ಇಷ್ಟರಲ್ಲೇ ಹಿತ್ತಲಲ್ಲಿ ಶುದ್ಧ ನಾಟಿ ಹೇಂಟೆ ಉಳಿಯದಿದ್ದರೆ ಹಿಂದಕ್ಕೂ ಹೋಗುವಂತಿಲ್ಲ. ಕಾವು ಕೊಡುವವಳು ಇಲ್ಲ, ಹೊಸ ಹುಂಜಕ್ಕೆ ಜೋಡಿಯಾಗುವ ಗಟ್ಟಿ ತಾಯಿಯೂ ಇಲ್ಲ. ಆದ್ದರಿಂದ ಬುದ್ಧಿವಂತೆಯರಾದ ಗೃಹಿಣಿಯರು ಏನು ಮಾಡುತ್ತಾರೆಂದರೆ, ನಾಲ್ಕು ನಾಟಿ ಹೇಂಟೆಗಳನ್ನು ಎಂದಿಗೂ ಮಾರುವುದಿಲ್ಲ. ಮಿಶ್ರತಳಿ ಮೊಟ್ಟೆಗೆ, ನಾಟಿ ಕಾವಿಗೆ. ನಾಟಿ ವಂಶ ಮುಂದುವರಿಯಲು ನೆರೆಮನೆಯ ನಾಟಿ ಹುಂಜ. ಇಷ್ಟು ಏರ್ಪಾಡು ಇದ್ದರೆ ಎರಡರ ಲಾಭವೂ ಸಿಗುತ್ತದೆ, ಮರಿಯ ಬೀಗದಕೈಯೂ ಮನೆಯಲ್ಲೇ ಉಳಿಯುತ್ತದೆ.

2019ರ ಜಾನುವಾರು ಗಣತಿ ನಮಗೆ ಸಮಾಧಾನ ತರುವ ಅಂಕಿಗಳನ್ನು ಕೊಟ್ಟಿತು. ದೇಶದ ಸುಮಾರು 85 ಕೋಟಿ ಸಾಕುಹಕ್ಕಿಗಳಲ್ಲಿ 31 ಕೋಟಿ 70 ಲಕ್ಷ ಹಿತ್ತಲಿನವು. ಹಿಂದಿನ ಗಣತಿಗಿಂತ ಶೇಕಡಾ 45ಕ್ಕೂ ಹೆಚ್ಚು ಏರಿಕೆ. ಉದ್ಯಮದ ಕೋಳಿಗಳು ಅದೇ ಅವಧಿಯಲ್ಲಿ ಏರಿದ್ದು ಶೇಕಡಾ 5ಕ್ಕಿಂತ ಕಡಿಮೆ. ಹಿತ್ತಲು ಸತ್ತಿಲ್ಲ. ಆದರೆ ಆ 31 ಕೋಟಿಯಲ್ಲಿ ಕಾವಿಗೆ ಕೂರಬಲ್ಲವು ಎಷ್ಟು ಎಂಬ ಕಲಮು ಗಣತಿಯ ನಮೂನೆಯಲ್ಲಿಲ್ಲ. ಇರಬೇಕಿತ್ತೆಂದು ನಮ್ಮ ಅಭಿಪ್ರಾಯ.

ಊರು ಬಿಟ್ಟು ಬಂದು ಪರಭಾಷೆಯ ನಗರಗಳಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಾವು ಈ ಚರಿತ್ರೆಯನ್ನು ಓದುವಾಗ ನಮ್ಮ ಮನೆಯ ವಿಷಯವೂ ಮನಸ್ಸಿಗೆ ಬರುವುದು ಸಹಜ. ಹೋಲಿಕೆಯನ್ನು ಎಳೆದಾಡುವುದು ಬೇಡ, ಮಕ್ಕಳು ಕೋಳಿಗಳಲ್ಲ. ಎರಡು ಕಡೆಯದನ್ನು ಪಡೆದು ಹುಟ್ಟಿದ್ದಕ್ಕೆ ಹುರುಪು ಹೆಚ್ಚೆಂಬುದು ನಿಜ. ಹಳೆಯ ಬೇರು ಒಂದು ಕಡೆ ಜೀವಂತವಾಗಿರಬೇಕೆಂಬುದೂ ಅಷ್ಟೇ ನಿಜ.

ಮುಂದಿನ ರಜೆಗೆ ಊರಿಗೆ ಹೋದಾಗ ಓದುಗ ಬಂಧುಗಳು ಒಂದು ಕೆಲಸ ಮಾಡಬೇಕೆಂದು ಪ್ರಾರ್ಥನೆ. ಮನೆಯ ಅಜ್ಜಿಯನ್ನೋ ದೊಡ್ಡಮ್ಮನನ್ನೋ ಕೇಳಿ, ಕಾವಿಗೆ ಕೂರಿಸುವ ಬುಟ್ಟಿಗೆ, ಕಾವು ಬಂದ ಹೇಂಟೆಗೆ, ಗೊಡ್ಡು ಮೊಟ್ಟೆಗೆ, ಮೊದಲ ಸಲ ಮೊಟ್ಟೆಯಿಡುವ ಕೋಳಿಗೆ ತಮ್ಮ ಕಡೆ ಏನೆನ್ನುತ್ತಾರೆಂದು ಬರೆದುಕೊಂಡು ಬನ್ನಿ. ಬೀದರಿನ ಮಾತು ಒಂದು, ಕೊಡಗಿನದು ಇನ್ನೊಂದು, ಕುಂದಾಪುರದ್ದು ಮತ್ತೊಂದು ಇದ್ದೀತು. ಕೋಳಿ ಸಾಕುವವರ ಮನೆಯಾದರೆ ನಾಟಿ ಹೇಂಟೆ ಎಷ್ಟು ಉಳಿದಿವೆಯೆಂದೂ ಎಣಿಸಿ. ಆ ಮಾತುಗಳನ್ನೂ ಅಂಕಿಗಳನ್ನೂ ಸಂಘಕ್ಕೆ ಕಳುಹಿಸಿದರೆ ಸಂಪಾದಕರು ಈ ಪುಟಗಳಲ್ಲೇ ಸಂತೋಷದಿಂದ ಪ್ರಕಟಿಸುವರೆಂದು ನಂಬಿದ್ದೇವೆ.